ಹಲವು ಕಾಳುಗಳ ಸಲಾಡ್: ಒಂದು ಕಾಳು ಕರಗುತ್ತದೆ, ಇನ್ನೊಂದು ಬೇಯುವುದೇ ಇಲ್ಲ

ಪ್ರಶ್ನೆ: ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ನಮ್ಮ ಮನೆಯ ರಾತ್ರಿ ಊಟದಲ್ಲಿ ಅನ್ನವನ್ನು ಕಡಿಮೆ ಮಾಡಿ, ನಾಲ್ಕೈದು ಬಗೆಯ ಕಾಳುಗಳನ್ನು ಬೆರೆಸಿದ ಸಲಾಡ್ ಮಾಡಲು ಪ್ರಯತ್ನಿಸುತ್ತಿದ್ದೇನೆ. ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆ ಇದೆ, ಮೇಲಿನ ಹಲ್ಲುಗಳು ಕಟ್ಟಿಸಿದ್ದು. ಮಗಳು ಪಿಯುಸಿ ಓದುತ್ತಿದ್ದಾಳೆ. ಬೆಳಿಗ್ಗೆ ಏಳೂವರೆಗೆ ಡಬ್ಬಿ ಹಿಡಿದು ಹೊರಟರೆ ಅವಳು ಅದನ್ನು ತೆರೆಯುವುದು ಮಧ್ಯಾಹ್ನ ಒಂದು ಗಂಟೆಯ ಮೇಲೆ. ಒಬ್ಬರಿಗೆ ಮೆತ್ತಗಿರಬೇಕು, ಇನ್ನೊಬ್ಬರಿಗೆ ಕೆಡದೆ ಉಳಿಯಬೇಕು.

ಹೆಸರುಬೇಳೆಯ ಕೋಸಂಬರಿ ನನಗೆ ಕೈಗೂಡಿದ ಅಡುಗೆ. ರಾಮನವಮಿಗೆ ಬೀದಿಯವರಿಗೆಲ್ಲ ಹಂಚುವಷ್ಟು ಮಾಡುತ್ತೇನೆ. ಆ ಧೈರ್ಯದ ಮೇಲೆ ರಾಜ್ಮಾ, ಕಾಬೂಲಿ ಕಡಲೆ, ಅಲಸಂದೆ, ಹೆಸರುಕಾಳು, ಒಣ ಅವರೆಕಾಳು ಐದನ್ನೂ ಒಂದೇ ಪಾತ್ರೆಯಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ಕೂಗು ಕೂಗಿಸಿದೆ. ಹೆಸರುಕಾಳು ಪೂರ್ತಿ ಕರಗಿ ಗೊಜ್ಜಿನಂತಾಗಿತ್ತು. ರಾಜ್ಮಾ ಕಚ್ಚಿದರೆ ಒಳಗೆ ಇನ್ನೂ ಹಿಟ್ಟು ಹಿಟ್ಟಾಗಿ ಗಟ್ಟಿಯಿತ್ತು. ಎರಡನೆಯ ಸಲ ಚಿಟಿಕೆ ಅಡುಗೆ ಸೋಡಾ ಹಾಕಿದೆ. ಎಲ್ಲವೂ ಬೆಂದವು, ಆದರೆ ಸಿಪ್ಪೆ ಕಿತ್ತುಕೊಂಡು ಬಂದು ಬಾಯಿಗೆ ಸಾಬೂನಿನಂಥ ರುಚಿ ಹತ್ತಿತು. ಇಂಟರ್ನೆಟ್‌ನಲ್ಲಿ ನೋಡಿದ ಅಮೆರಿಕದವರ ಮೂರು ಬೀನ್ಸ್ ಸಲಾಡಿನಂತೆ ಹುರುಳಿಕಾಯಿಯನ್ನೂ ಹೆಚ್ಚಿ ಬೇಯಿಸಿ ಸೇರಿಸಿದರೆ, ನಿಂಬೆರಸ ಬಿದ್ದ ಸ್ವಲ್ಪ ಹೊತ್ತಿಗೆ ಅದರ ಹಸಿರು ಹೋಗಿ ಕಾಕಿ ಬಣ್ಣಕ್ಕೆ ತಿರುಗಿತು. ಸೌತೆಕಾಯಿ, ಟೊಮೆಟೊ, ಈರುಳ್ಳಿ ಹಾಕಿ ಉಪ್ಪು ಬೆರೆಸಿಟ್ಟದ್ದು ಸಂಜೆಯ ಹೊತ್ತಿಗೆ ತಳದಲ್ಲಿ ಬಟ್ಟಲು ನೀರು ಬಿಟ್ಟಿತ್ತು.

ನಾನು ಕೇಳಬೇಕಾದದ್ದು ಇಷ್ಟು. ಪ್ರತಿಯೊಂದು ಕಾಳನ್ನೂ ಬೇರೆ ಬೇರೆಯಾಗಿಯೇ ಬೇಯಿಸಬೇಕೆ, ಅಥವಾ ಒಟ್ಟಿಗೆ ಬೇಯುವ ಜೋಡಿಗಳಿವೆಯೆ? ಮೊಳಕೆ ಕಟ್ಟಿದ ಕಾಳನ್ನು ಹಸಿಯಾಗಿ ಹಾಕಬಹುದೆ? ಅತ್ತೆಯವರಿಗೆ ಹೊಟ್ಟೆಯುಬ್ಬರವಾಗದಂತೆ ಮಾಡುವುದು ಹೇಗೆ? ಮಗಳ ಡಬ್ಬಿಗೆ ಇದನ್ನು ಕಳಿಸುವುದು ಕ್ಷೇಮವೆ? ಮಾಡಿ ತಿಂದು ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ಮಂಡ್ಯ ತಾಲ್ಲೂಕಿನಿಂದ

ಮೇಡಂ, ನಮಸ್ಕಾರ. ನಿಮ್ಮ ತೊಂದರೆಯನ್ನು ಓದಿದಾಗ ನನಗೆ ಅನ್ನಿಸಿದ್ದು, ನೀವು ಇದನ್ನು ಕೋಸಂಬರಿಯ ದಾರಿಯಲ್ಲಿ ಮಾಡಲು ಹೊರಟಿದ್ದೀರಿ, ಮಾಡಬೇಕಾದದ್ದು ಬಸ್ಸಾರಿನ ದಾರಿಯಲ್ಲಿ. ಕೋಸಂಬರಿಯ ಹೆಸರುಬೇಳೆ ಸಿಪ್ಪೆ ತೆಗೆದ, ಒಡೆದ ಬೇಳೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ನೆಂದರೆ ಹಸಿಯಾಗಿಯೇ ತಿನ್ನಬಹುದು. ಇಡೀ ಕಾಳಿನ ಸ್ವಭಾವ ಅದಲ್ಲ. ನಮ್ಮ ಕಡೆ ಬಸ್ಸಾರು ಮಾಡುವಾಗ ಕಾಳನ್ನು ಹದವಾಗಿ, ಒಡೆಯದಂತೆ ಬೇಯಿಸಿ, ನೀರನ್ನು ಬಸಿದು ಸಾರಿಗೆ ಇಟ್ಟುಕೊಂಡು, ಬಸಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವಲ್ಲ, ಆ ಬಸಿದ ಕಾಳೇ ನಿಮ್ಮ ಸಲಾಡಿಗೆ ಬೇಕಾದ ಕಾಳು. ಹದವೂ ಅದೇ: ಎರಡು ಬೆರಳಿನ ನಡುವೆ ಹಿಡಿದು ಒತ್ತಿದರೆ ಬೆಣ್ಣೆಯಂತೆ ಅಮುಕಬೇಕು, ಬಿಟ್ಟರೆ ಆಕಾರ ಉಳಿಸಿಕೊಂಡಿರಬೇಕು. ಬಸಿದ ನೀರು ವ್ಯರ್ಥವಾಗುವುದಿಲ್ಲ; ಒಂದೇ ಒಲೆಯಲ್ಲಿ ರಾತ್ರಿಯ ಸಲಾಡೂ ಮುದ್ದೆಗೆ ಸಾರೂ ಆಗುತ್ತದೆ.

ಕಾಳನ್ನು ಆರಿಸುವ ವಿಚಾರದಲ್ಲಿ ನನ್ನದೊಂದು ಮನವಿ. ರಾಜ್ಮಾ, ಕಾಬೂಲಿ ಕಡಲೆ ಒಳ್ಳೆಯವೇ, ಆದರೆ ನೀವಿರುವ ಊರಿನ ಸುತ್ತ ಬೆಳೆಯುವ ಹಸಿಕಾಳನ್ನು ಬಿಟ್ಟು ಅವುಗಳಿಂದ ಶುರುಮಾಡುವುದು ಏಕೆ? ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು; ಕೆಲವರು ಈಗಲೂ ಬಿಡುತ್ತೇವೆ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಜೊತೆಗೆ ಹುಚ್ಚೆಳ್ಳು. ಅಲಸಂದೆ ಮುಂಚೆ ಕೈಗೆ ಬರುತ್ತದೆ; ಅವರೆ ಮತ್ತು ತೊಗರಿಯ ಹಸಿಕಾಯಿ ಚಳಿ ಹಿಡಿದ ಮೇಲೆ, ಸಂಕ್ರಾಂತಿಯ ಆಚೀಚೆ ತುಂಬಿಕೊಳ್ಳುತ್ತದೆ. ಆ ಒಂದು ಸಾಲಿನಿಂದ ಕಿತ್ತು ತಂದ ಕಾಳುಗಳನ್ನು ಬೆರೆಸಿ, ಹುರಿದು ಪುಡಿಮಾಡಿದ ಹುಚ್ಚೆಳ್ಳನ್ನು ಉದುರಿಸಿದರೆ ಅದಕ್ಕಿಂತ ಹೊಂದಿಕೆಯಾದ ಸಲಾಡ್ ನಾನು ತಿಂದಿಲ್ಲ.

ಹಸಿಕಾಳಿನ ದೊಡ್ಡ ಅನುಕೂಲವೆಂದರೆ ನೆನೆಹಾಕುವ ಗೊಡವೆಯಿಲ್ಲ, ಕುಕ್ಕರೂ ಬೇಕಿಲ್ಲ. ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ ಮೊದಲು ತೊಗರಿಕಾಳು ಹಾಕಿ, ಐದು ನಿಮಿಷ ಕಳೆದು ಅವರೆ ಹಾಕಿ, ಕೊನೆಗೆ ಎಳೆಯ ಅಲಸಂದೆ ಇಲ್ಲವೆ ಬಟಾಣಿ ಹಾಕಿದರೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಕಾಯಿ ಬಲಿತಿದ್ದರೆ ಇನ್ನೈದು ನಿಮಿಷ ಹಿಡಿಯುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ಬೆರಳನ್ನು ನಂಬಿ. ದೇವರಾಜ ಮಾರುಕಟ್ಟೆಯಲ್ಲಿ ಸುಲಿದ ಅವರೆಕಾಳು ಸಿಗುತ್ತದೆ, ಆದರೆ ಸುಲಿದು ಹೆಚ್ಚು ಹೊತ್ತಾದ ಕಾಳು ಜಿಗುಟಾಗಿ ಸೊಗಡು ಕಳೆದುಕೊಂಡಿರುತ್ತದೆ. ಕಾಯಿಯನ್ನೇ ತಂದು ಮನೆಯಲ್ಲಿ ಸುಲಿದುಕೊಳ್ಳಿ. ಕಾಯಿ ಮುಟ್ಟಿದ ಕೈಗೆ ಎಣ್ಣೆಯ ಹಾಗೆ ಅಂಟುವ ವಾಸನೆಯೇ ಸೊಗಡು. ಕೊಳ್ಳುವಾಗ ಮೂಸಿ ನೋಡಿ ಕೊಳ್ಳುವುದು ಅದಕ್ಕೇ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳು ಹಗಲಿನ ಉದ್ದವನ್ನು ನೋಡಿಕೊಂಡು ಹೂ ಬಿಡುವಂಥವಲ್ಲವಾದ್ದರಿಂದ ಈಗ ಬೇರೆ ತಿಂಗಳುಗಳಲ್ಲೂ ಅವರೆಕಾಯಿ ಕಾಣಿಸುತ್ತದೆ. ಸಲಾಡಿಗೆ ಅದೂ ಆಗುತ್ತದೆ, ಚಳಿಯ ಮಂಜು ಕುಡಿದ ಕಾಯಿಯ ಪರಿಮಳ ಮಾತ್ರ ಅದಕ್ಕಿಲ್ಲ ಎಂಬುದು ನನ್ನ ನಾಲಿಗೆಯ ತೀರ್ಮಾನ.

ಒಣಕಾಳು ಬಳಸಲೇಬೇಕಾದ ತಿಂಗಳುಗಳಲ್ಲಿ ಹೆಸರುಕಾಳನ್ನು ಎಂದಿಗೂ ಬೇರೆಯವುಗಳ ಜೊತೆ ಹಾಕಬೇಡಿ. ಅದು ತೆರೆದ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷದ ಕಾಳು. ಅಲಸಂದೆ ಮತ್ತು ತಡಗುಣಿ ಒಂದು ಜೋಡಿ; ನೆನೆದಿದ್ದರೆ ಎರಡು ಕೂಗಿಗೆ ಬೇಯುತ್ತವೆ. ಕಡಲೆಕಾಳು ಮತ್ತು ಕಾಬೂಲಿ ಕಡಲೆ ಇನ್ನೊಂದು ಜೋಡಿ, ನಾಲ್ಕೈದು ಕೂಗು. ಹುರುಳಿಯನ್ನು ಒಂಟಿಯಾಗಿಯೇ ಬೇಯಿಸಿ, ಏಕೆಂದರೆ ಅದರ ಕಂದು ಬಣ್ಣ ಎಲ್ಲಕ್ಕೂ ಹಿಡಿಯುತ್ತದೆ, ಅದರ ಕಟ್ಟು ಸಾರಿಗೆ ಬೇಕೇ ಬೇಕು. ಕುಕ್ಕರಿನ ಆವಿಯನ್ನು ಚಮಚದಿಂದ ಎತ್ತಿ ಬಿಡಬೇಡಿ. ಒಳಗಿನ ಒತ್ತಡ ತಟ್ಟನೆ ಇಳಿದಾಗ ಕಾಳಿನೊಳಗಿನ ನೀರು ಕುದಿದೆದ್ದು ಸಿಪ್ಪೆ ಸೀಳುತ್ತದೆ. ನಿಮ್ಮ ಕಾಳು ಒಡೆದದ್ದಕ್ಕೆ ಅದೂ ಒಂದು ಕಾರಣವಿರಬಹುದು. ಮತ್ತೊಂದು ವಿಷಯ: ಉಪ್ಪನ್ನು ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಕಾಳು ಬಿರುಸಾಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು, ನಾನೂ ಹಾಗೆಯೇ ಮಾಡುತ್ತೇನೆ.

ಉತ್ತರ 2: ಯಾದವಗಿರಿ, ಮೈಸೂರು

ಪ್ರಶ್ನೆ ಕೇಳಿದ ತಾಯಿಯವರಿಗೂ ಮಂಡ್ಯದಿಂದ ಬರೆದವರಿಗೂ ನಮಸ್ಕಾರ. ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಂಡ್ಯದವರು ಹೇಳಿದ ಬಸ್ಸಾರಿನ ಹದದ ಮಾತು ನೂರಕ್ಕೆ ನೂರು ಸರಿ. ಉಪ್ಪಿನ ವಿಚಾರದಲ್ಲಿ ಮಾತ್ರ ಅವರ ಅಜ್ಜಿಯವರ ಮೇಲಿನ ಗೌರವವನ್ನು ಇಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳಬೇಕಾಗಿದೆ.

ಕಾಳಿನ ಸಿಪ್ಪೆಯನ್ನೂ ಒಳಗಿನ ಜೀವಕೋಶಗಳನ್ನೂ ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಅಂಟು. ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಆ ಅಂಟನ್ನು ಬಿಗಿಗೊಳಿಸುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ಅವುಗಳ ಜಾಗವನ್ನು ಸ್ವಲ್ಪ ಮಟ್ಟಿಗೆ ಆಕ್ರಮಿಸಿ ಬಿಗಿಯನ್ನು ಸಡಿಲಿಸುತ್ತದೆ. ಆದ್ದರಿಂದ ನೆನೆಹಾಕುವ ನೀರಿಗೆ, ಒಂದು ಲೀಟರಿಗೆ ಎರಡು ಟೀ ಚಮಚದಂತೆ ಉಪ್ಪು ಕರಗಿಸಿದರೆ ಸಿಪ್ಪೆ ಮೆತ್ತಗಾಗಿ, ಒಡೆಯದೆ ಬೇಯುತ್ತದೆ. ಬೇಯಿಸುವ ಮುಂಚೆ ಆ ನೀರನ್ನು ಚೆಲ್ಲಿ ಕಾಳನ್ನು ತೊಳೆಯುವುದರಿಂದ ಹೆಚ್ಚಿನ ಉಪ್ಪು ಹೋಗುತ್ತದೆ; ಆದರೂ ರಕ್ತದೊತ್ತಡವಿರುವವರ ಮನೆಯಲ್ಲಿ ಆಮೇಲೆ ಹಾಕುವ ಉಪ್ಪನ್ನು ಅಷ್ಟಕ್ಕೆ ತಗ್ಗಿಸಬೇಕು. ಕಾಳನ್ನು ನಿಜವಾಗಿ ಬಿರುಸು ಮಾಡುವುದು ಹುಳಿ. ಟೊಮೆಟೊ, ಹುಣಸೆ, ನಿಂಬೆ ಯಾವುದೇ ಆಗಲಿ, ಕಾಳು ಪೂರ್ತಿ ಬೆಂದ ಮೇಲೆಯೇ ಸೇರಬೇಕು. ಎರಡನೆಯ ಶತ್ರು ಗಡಸು ನೀರು. ಬೋರ್‌ವೆಲ್ ನೀರಿನಲ್ಲಿ ಎಷ್ಟು ಕೂಗಿಸಿದರೂ ಕಡಲೆ ಬೇಯದಿರುವುದಕ್ಕೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಕಾರಣ. ನೆನೆಸಲೂ ಬೇಯಿಸಲೂ ಕುಡಿಯುವ ಫಿಲ್ಟರ್ ನೀರನ್ನು ಬಳಸಿ ನೋಡಿ. ಮೂರನೆಯದು ಕಾಳಿನ ವಯಸ್ಸು. ಬಿಸಿ ಮತ್ತು ತೇವವಿರುವ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದ ರಾಜ್ಮಾ ಮತ್ತೆ ಮೆತ್ತಗಾಗುವುದೇ ಇಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕೊಳ್ಳಿ. ಅಡುಗೆ ಸೋಡಾ ಅಂಟನ್ನು ಕರಗಿಸುತ್ತದೆ ನಿಜ, ಆದರೆ ನೀವು ಕಂಡ ಸಾಬೂನಿನ ರುಚಿಯ ಜೊತೆಗೆ ಥಯಮಿನ್ ಅಂದರೆ ಬಿ1 ಜೀವಸತ್ವವನ್ನೂ ಹಾಳುಮಾಡುತ್ತದೆ. ಅದನ್ನು ಕೈಬಿಡಿ.

ಈಗ ರುಚಿಗಿಂತ ಮುಖ್ಯವಾದ ಮಾತು. ನಿಮ್ಮ ಮೊದಲ ಪ್ರಯತ್ನದಲ್ಲಿ ರಾಜ್ಮಾ ಒಳಗೆ ಗಟ್ಟಿಯಿತ್ತೆಂದು ಬರೆದಿದ್ದೀರಿ. ದಯವಿಟ್ಟು ಅಂಥ ರಾಜ್ಮಾವನ್ನು ಯಾರಿಗೂ ಬಡಿಸಬೇಡಿ. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಬೇಯದ ನಾಲ್ಕೈದು ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಕರಿಕೆ, ವಾಂತಿ, ಆಮೇಲೆ ಭೇದಿ ಹಿಡಿಯಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತನೆ ಕುದಿಸಿದರೆ ಅದು ನಾಶವಾಗುತ್ತದೆ. ಹತ್ತು ನಿಮಿಷದ ಕುದಿತ ಸಾಕಾದರೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಖಾತ್ರಿಗಾಗಿ 30 ನಿಮಿಷ ಕುದಿಸಲು ಹೇಳುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 97–98 ಡಿಗ್ರಿಗೆ. ಹಾಗಾಗಿ ನಾವಂತೂ ಆ ಅರ್ಧ ಗಂಟೆಯ ಲೆಕ್ಕವನ್ನೇ ಹಿಡಿಯುವುದು ಲೇಸು. ಕುಕ್ಕರಿನಲ್ಲಿ ಉಷ್ಣತೆ 100ನ್ನು ದಾಟುವುದರಿಂದ, ಮಧ್ಯದವರೆಗೂ ಮೆತ್ತಗೆ ಬೆಂದಿದ್ದರೆ ಚಿಂತೆಯಿಲ್ಲ. ಅಪಾಯವಿರುವುದು ಕುದಿಯದೆ ಮೆಲ್ಲಗೆ ಬಿಸಿಯಾಗುವ ವಿದ್ಯುತ್ ಪಾತ್ರೆಗಳಲ್ಲಿ. 80 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಈ ವಿಷದ ತೀವ್ರತೆ ಹೆಚ್ಚುವುದೂ ಉಂಟು. ಒಣ ಅವರೆಕಾಳು ಮತ್ತು ಡಬಲ್ ಬೀನ್ಸ್‌ನಲ್ಲಿ ಬೇರೆ ಬಗೆಯ, ಸಯನೈಡ್ ಬಿಡುಗಡೆ ಮಾಡುವ ಅಂಶಗಳಿರುತ್ತವೆ. ಅವನ್ನೂ ನೆನೆಸಿ, ನೀರು ಬದಲಿಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಮೊಳಕೆಕಾಳಿನ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ರುಚಿಸದಿರಬಹುದು. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ರೋಗಾಣುಗಳಿಗೂ ಬೇಕಾದದ್ದು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಉಗ್ರ ತಳಿಯಿಂದ 3,800ಕ್ಕೂ ಹೆಚ್ಚು ಜನ ಅಸ್ವಸ್ಥರಾಗಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ತನಿಖೆ ಕೊನೆಗೆ ಬಂದು ನಿಂತದ್ದು ಮೆಂತ್ಯದ ಮೊಳಕೆಯ ಮೇಲೆ. ಮೇಲೆ ತೊಳೆದರೆ ಸಾಲದು, ಏಕೆಂದರೆ ಬೀಜದ ಬಿರುಕಿನೊಳಗೆ ಸೇರಿದ ರೋಗಾಣು ತೊಳೆದಾಗ ಹೋಗುವುದಿಲ್ಲ. ಮೊಳಕೆ ಕಟ್ಟಿದ ಹೆಸರುಕಾಳನ್ನು ಇಡ್ಲಿ ಪಾತ್ರೆಯಲ್ಲಿ ಏಳೆಂಟು ನಿಮಿಷ ಹಬೆಯಲ್ಲಿ ಬೇಯಿಸಿ. ಕರಕರೆ ಸ್ವಲ್ಪ ಉಳಿಯುತ್ತದೆ, ಹಿರಿಯರ ಹೊಟ್ಟೆಗೂ ಹಗುರ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವವರಿಗೆ ಹಸಿ ಮೊಳಕೆ ಬೇಡವೆಂದೇ ನಾನು ಹೇಳುತ್ತೇನೆ.

ಹೊಟ್ಟೆಯುಬ್ಬರಕ್ಕೆ ಕಾರಣ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು. ನಮ್ಮ ಸಣ್ಣಕರುಳಿಗೆ ಇವನ್ನು ಒಡೆಯುವ ಶಕ್ತಿಯಿಲ್ಲದೆ ಅವು ದೊಡ್ಡಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ವಾಯು ಹುಟ್ಟುತ್ತದೆ. ಇವು ನೀರಿನಲ್ಲಿ ಕರಗುತ್ತವೆ, ಮೊಳಕೆಯೊಡೆಯುವಾಗಲೂ ಕಡಿಮೆಯಾಗುತ್ತವೆ. ನೆನೆಸಿದ ನೀರನ್ನು ಚೆಲ್ಲುವುದರ ಉಪಯೋಗ ಇದೇ. ಅತ್ತೆಯವರಿಗೆ ಮೊದಲ ವಾರ ಮೂರು ಚಮಚ ಕಾಳಿನಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ. ಅವರು ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ರಾತ್ರಿಯ ಅನ್ನವನ್ನು ತಗ್ಗಿಸುವ ವಿಷಯವನ್ನು ವೈದ್ಯರಿಗೆ ತಿಳಿಸಲೇಬೇಕು. ಅನ್ನ ಕಡಿಮೆಯಾಗಿ ಔಷಧ ಹಾಗೆಯೇ ಉಳಿದರೆ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ. ಮೂತ್ರಪಿಂಡದ ತೊಂದರೆಯಿದ್ದರಂತೂ ಕಾಳಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಹುರುಳಿಕಾಯಿಯ ಬಣ್ಣದ ವಿಚಾರ ಸರಳ. ಹಸಿರಿಗೆ ಕಾರಣವಾದ ಕ್ಲೋರೊಫಿಲ್‌ನ ನಡುವೆ ಮೆಗ್ನೀಷಿಯಂ ಇದೆ. ಹುಳಿ ಅದನ್ನು ಹೊರದಬ್ಬಿದಾಗ ಕಾಕಿ ಬಣ್ಣ ಬರುತ್ತದೆ. ಅಮೆರಿಕದ ಮೂರು ಬೀನ್ಸ್ ಸಲಾಡಿನಲ್ಲಿ ಹಸಿರು ಬೀನ್ಸ್, ಹಳದಿ ಬೀನ್ಸ್, ರಾಜ್ಮಾಗಳನ್ನು ವಿನೆಗರ್, ಸಕ್ಕರೆ, ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ, ಹೆಚ್ಚಿನ ಮನೆಗಳಲ್ಲಿ ಡಬ್ಬಿಯ ಬೀನ್ಸನ್ನೇ ಬಳಸುತ್ತಾರೆ. ಅಲ್ಲಿಯೂ ಹಸಿರು ಮಂಕಾಗುತ್ತದೆ, ಅದನ್ನು ಅವರು ಒಪ್ಪಿಕೊಂಡಿದ್ದಾರೆ. ನಿಮಗೆ ಹಸಿರು ಬೇಕೆಂದರೆ ಹುರುಳಿಕಾಯಿಯನ್ನು ಮುಚ್ಚಳವಿಲ್ಲದೆ ನಾಲ್ಕೈದು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ ತೆಗೆದು, ಬಟ್ಟೆಯ ಮೇಲೆ ಆರಿಸಿಟ್ಟುಕೊಂಡು, ಬಡಿಸುವ ಕ್ಷಣದಲ್ಲಿ ಬೆರೆಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರಾಜ್ಮಾ ವಿಷಯ ಓದಿ ನಿಜಕ್ಕೂ ಬೆಚ್ಚಿದೆ; ಆ ದಿನ ಅತ್ತೆಯವರು ಗಟ್ಟಿಯೆಂದು ತಟ್ಟೆಯ ಬದಿಗೆ ಸರಿಸಿದ್ದು ದೇವರ ದಯೆ. ಡಬ್ಬಿಯ ಬಗ್ಗೆ ಮತ್ತು ಹುಳಿ, ಎಣ್ಣೆಯ ಅಳತೆಯ ಬಗ್ಗೆ ಯಾರಾದರೂ ತಿಳಿಸಬಹುದೆ? ಒಗ್ಗರಣೆ ಹಾಕಿದರೆ ಅದು ಉಸಲಿಯಾಗಿಬಿಡುವುದಿಲ್ಲವೆ ಎಂಬ ಅನುಮಾನವೂ ಇದೆ.

ಉತ್ತರ 3: ಸರಸ್ವತೀಪುರಂ, ಮೈಸೂರು

ಅಕ್ಕ, ನಾನು ಮತ್ತು ನನ್ನ ಪತ್ನಿ ಇಬ್ಬರೂ ಕೆಲಸಕ್ಕೆ ಹೋಗುವವರು. ವಾರದಲ್ಲಿ ಮೂರು ದಿನ ನಮ್ಮಿಬ್ಬರ ಡಬ್ಬಿಯಲ್ಲೂ ಇದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಕಾಳುಗಳನ್ನು ಜೋಡಿ ಜೋಡಿಯಾಗಿ ಬೇಯಿಸಿ, ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಮೂರು ದಿನಕ್ಕೆ ಬೇಕಾದಷ್ಟನ್ನು ಕೆಳಗೂ ಉಳಿದದ್ದನ್ನು ಒಂದೊಂದು ಹೊತ್ತಿನ ಡಬ್ಬಿ ಮಾಡಿ ಫ್ರೀಜರಿನಲ್ಲೂ ಇಡುತ್ತೇನೆ. ಕಡಲೆ, ರಾಜ್ಮಾ, ಅಲಸಂದೆ ಫ್ರೀಜರಿನಲ್ಲಿ ತಿಂಗಳು ಕಳೆದರೂ ಹದ ಕೆಡುವುದಿಲ್ಲ. ಹೆಸರುಕಾಳು ಮಾತ್ರ ಮುದ್ದೆಯಾಗುತ್ತದೆ, ಅದನ್ನು ಅಂದಂದೇ ಮಾಡಬೇಕು. ಒಂದು ಬಟ್ಟಲು ಒಣಕಾಳು ಬೆಂದ ಮೇಲೆ ಎರಡೂವರೆ ಬಟ್ಟಲಿನಷ್ಟಾಗುತ್ತದೆ ಎಂಬ ಲೆಕ್ಕವಿಟ್ಟುಕೊಂಡರೆ ಅತಿಯಾಗಿ ನೆನೆಹಾಕುವ ತಪ್ಪಾಗುವುದಿಲ್ಲ.

ಅಳತೆ ಹೀಗಿದೆ. ಮೂರು ಬಟ್ಟಲು ಬೆಂದ ಕಾಳಿಗೆ ಎರಡು ದೊಡ್ಡ ಚಮಚ ನಿಂಬೆರಸ, ಒಂದೂವರೆ ದೊಡ್ಡ ಚಮಚ ಕಡಲೆಕಾಯಿ ಎಣ್ಣೆ, ಮುಕ್ಕಾಲು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಹುರಿದ ಜೀರಿಗೆಪುಡಿ, ಸ್ವಲ್ಪ ಕಾಳುಮೆಣಸು. ಸೊಪ್ಪಿನ ಸಲಾಡಿಗೆ ಎಣ್ಣೆ ಹೆಚ್ಚು, ಹುಳಿ ಕಡಿಮೆ ಹಾಕುವುದು ವಾಡಿಕೆ. ಕಾಳು ಹಿಟ್ಟಿನ ಅಂಶವಿರುವ ಸಪ್ಪೆ ಪದಾರ್ಥವಾದ್ದರಿಂದ ಇದಕ್ಕೆ ಹುಳಿಯೇ ಮುಂದಿರಬೇಕು. ಇದರ ಅರ್ಧಭಾಗವನ್ನು ಕಾಳು ಇನ್ನೂ ಬೆಚ್ಚಗಿರುವಾಗಲೇ ಬೆರೆಸಿ, ಆಗ ಅದು ಒಳಕ್ಕೆ ಹೀರಿಕೊಳ್ಳುತ್ತದೆ. ತಣ್ಣಗಾದ ಕಾಳಿಗೆ ಬೆರೆಸಿದರೆ ರಸವೆಲ್ಲ ಮೇಲೆಯೇ ಉಳಿದು ಪ್ರತಿ ತುತ್ತೂ ಹೊರಗೆ ಹುಳಿ, ಒಳಗೆ ಸಪ್ಪೆ ಎನ್ನಿಸುತ್ತದೆ. ಉಳಿದರ್ಧ ತಿನ್ನುವ ಮುಂಚೆ. ನಿಂಬೆಯನ್ನು ಬಿಡಬೇಡಿ, ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಅದರ ಸಿ ಜೀವಸತ್ವ ಸಹಾಯ ಮಾಡುತ್ತದೆ. ಅದೇ ಕಾರಣಕ್ಕೆ ಊಟವಾದ ತಕ್ಷಣ ಕಾಫಿ, ಟೀ ಕುಡಿಯುವುದನ್ನು ಒಂದು ಗಂಟೆ ಮುಂದೂಡುವುದೂ ಒಳ್ಳೆಯದು, ಅವು ಹೀರಿಕೆಯನ್ನು ತಡೆಯುತ್ತವೆ.

ಒಗ್ಗರಣೆಯ ವಿಚಾರದಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದು. ಗೊಂಬೆ ಹಬ್ಬದಲ್ಲಿ ಮಕ್ಕಳಿಗೆ ಚರಪು ಹಂಚಲು ಮಾಡುವ ಉಸಲಿಯಲ್ಲಿ ಕಾಳನ್ನು ಬಾಣಲೆಗೇ ಹಾಕಿ ಒಗ್ಗರಣೆಯಲ್ಲಿ ಬಾಡಿಸುತ್ತೇವೆ, ಕಾಳು ಒಣಗಿ ಬಿಸಿಯಾಗಿರುತ್ತದೆ. ಇಲ್ಲಿ ಸಾಸಿವೆ, ಇಂಗು, ಕರಿಬೇವು, ಸೀಳಿದ ಹಸಿಮೆಣಸಿನಕಾಯಿಯ ಒಗ್ಗರಣೆಯನ್ನು ಆರಿಸಿ, ಎಣ್ಣೆಯ ಪಾಲಿಗೆ ಅದನ್ನೇ ಲೆಕ್ಕ ಹಿಡಿದು, ಮೇಲಿನಿಂದ ಬೆರೆಸಬೇಕು. ಮಂಡ್ಯದವರು ಹೇಳಿದ ಹುಚ್ಚೆಳ್ಳಿನ ಪುಡಿಯನ್ನು ನಾನು ಇಲ್ಲಿಯವರೆಗೆ ಯೋಚಿಸಿರಲಿಲ್ಲ, ನಾಳೆಯೇ ಮಾಡುತ್ತೇನೆ.

ನೀರು ಬಿಡುವುದಕ್ಕೆ ಉಪ್ಪು ಕಾರಣ. ಉಪ್ಪು ತಾಗಿದ ಸೌತೆಕಾಯಿ ತನ್ನೊಳಗಿನ ನೀರನ್ನೆಲ್ಲ ಹೊರಗೆ ಹಾಕುತ್ತದೆ. ಸೌತೆಕಾಯಿಯ ತಿರುಳನ್ನು ಚಮಚದಿಂದ ಕೆರೆದು ತೆಗೆದು, ಹೆಚ್ಚಿ, ಉಪ್ಪು ಸವರಿ ಹದಿನೈದು ನಿಮಿಷ ಬಿಟ್ಟು ಹಿಂಡಿ ಹಾಕಿ. ಟೊಮೆಟೊದ ಬೀಜದ ಭಾಗವನ್ನು ತೆಗೆಯಿರಿ. ಈರುಳ್ಳಿಯನ್ನು ಹೆಚ್ಚಿ ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು ಬಸಿದರೆ ಘಾಟು ಹೋಗುತ್ತದೆ. ತುರಿದ ತೆಂಗಿನಕಾಯಿ ಬಹಳ ಬೇಗ ಹಳಸುತ್ತದೆ, ಅದು ಮನೆಯಲ್ಲಿ ತಕ್ಷಣ ತಿನ್ನುವ ಸಲಾಡಿಗೆ ಮಾತ್ರ.

ಮಗಳ ಡಬ್ಬಿಯ ಬಗ್ಗೆ: ಏಳೂವರೆಯಿಂದ ಒಂದರವರೆಗೆ ಐದೂವರೆ ಗಂಟೆ. ಬೆಂದ ಕಾಳು ಹೊರಗಿನ ಬಿಸಿಯಲ್ಲಿ ಅಷ್ಟು ಹೊತ್ತು ಇರಬಾರದು, ನಿಂಬೆರಸ ಹಾಕಿದ ಮಾತ್ರಕ್ಕೆ ಅದು ಕೆಡದೆ ಉಳಿಯುತ್ತದೆಂದು ನಂಬಬಾರದು. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದ ಕಾಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಶಾಖ ತಡೆಯುವ ಊಟದ ಚೀಲದಲ್ಲಿ, ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಸಣ್ಣ ನೀರಿನ ಬಾಟಲಿಯ ಪಕ್ಕಕ್ಕೆ ಒತ್ತಿ ಇಡಿ. ಮಧ್ಯಾಹ್ನ ಡಬ್ಬಿ ಮುಟ್ಟಿದರೆ ತಣ್ಣಗಿರಬೇಕು, ಕರಗಿದ ನೀರು ಅವಳಿಗೆ ಕುಡಿಯಲೂ ಆಗುತ್ತದೆ. ಹೆಚ್ಚಿದ ತರಕಾರಿ ಇನ್ನೊಂದು ಪುಟ್ಟ ಡಬ್ಬಿಯಲ್ಲಿ, ನಿಂಬೆಹೋಳು ಬೇರೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಾವು ಡಬ್ಬಿಗೆ ಸಲಾಡ್ ಕಟ್ಟುವುದನ್ನೇ ನಿಲ್ಲಿಸಿ, ರಾತ್ರಿ ಊಟಕ್ಕೆ ಇಟ್ಟುಕೊಳ್ಳುತ್ತೇವೆ.

ಉತ್ತರ 1ನ್ನು ಬರೆದವರು

ಯಾದವಗಿರಿಯ ಹಿರಿಯರು ಉಪ್ಪಿನ ಬಗ್ಗೆ ತಿಳಿಸಿದ್ದನ್ನು ನಿನ್ನೆ ಪರೀಕ್ಷಿಸಿದೆ. ಒಂದೇ ಚೀಲದ ತಡಗುಣಿಯನ್ನು ಎರಡು ಪಾತ್ರೆಯಲ್ಲಿ, ಒಂದಕ್ಕೆ ಉಪ್ಪು ಹಾಕಿ, ಇನ್ನೊಂದಕ್ಕೆ ಹಾಕದೆ, ನಮ್ಮ ಬೋರ್‌ವೆಲ್ ನೀರಿನಲ್ಲೇ ನೆನೆಹಾಕಿ ಬೇರೆ ಬೇರೆಯಾಗಿ ಬೇಯಿಸಿದೆ. ಉಪ್ಪಿನ ನೀರಿನದು ಮೊದಲು ಬೆಂದಿತು, ಸಿಪ್ಪೆ ಒಡೆದ ಕಾಳುಗಳೂ ಅದರಲ್ಲಿ ಕಡಿಮೆ. ಅಜ್ಜಿಯ ಕಾಲದಲ್ಲಿ ಉಪ್ಪು, ಹುಣಸೆ ಎರಡನ್ನೂ ಒಟ್ಟಿಗೇ ಸೇರಿಸುತ್ತಿದ್ದುದರಿಂದ ಹುಣಸೆಯ ದೋಷ ಉಪ್ಪಿನ ಮೇಲೆ ಬಂದಿರಬಹುದು ಎಂದು ಈಗ ತೋರುತ್ತದೆ. ಇನ್ನೊಂದು ಸಂದೇಹ: ರಾಜ್ಮಾ ಬೇಯಿಸಿದ ನೀರನ್ನೂ ಬಸ್ಸಾರಿಗೆ ಬಳಸಬಹುದೆ?

ಉತ್ತರ 2ನ್ನು ಬರೆದವರು

ಪರೀಕ್ಷೆ ಮಾಡಿ ತಿಳಿಸಿದ್ದು ಬಹಳ ಸಂತೋಷ. ರಾಜ್ಮಾ ಪೂರ್ತಿ ಕುದಿದು ಮೆತ್ತಗಾಗಿದ್ದರೆ ಬೇಯಿಸಿದ ನೀರಿನಲ್ಲೂ ವಿಷ ನಾಶವಾಗಿರುತ್ತದೆ. ಚೆಲ್ಲಬೇಕಾದದ್ದು ನೆನೆಸಿದ ನೀರನ್ನು. ಆದರೂ ಹೊಟ್ಟೆಯುಬ್ಬರದ ತೊಂದರೆಯಿರುವವರಿಗೆ ಅದರ ಸಾರು ಬೇಡ, ಆ ಸಕ್ಕರೆಗಳು ಆ ನೀರಿನಲ್ಲೂ ಕರಗಿರುತ್ತವೆ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಮಾಡಿದ್ದನ್ನು ತಿಳಿಸದೆ ಇರುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ. ಕಳೆದ ಭಾನುವಾರ ಕಡಲೆ ಮತ್ತು ಕಾಬೂಲಿ ಕಡಲೆಯನ್ನು ಒಂದು ಕುಕ್ಕರಿನಲ್ಲಿ, ಅಲಸಂದೆ ಮತ್ತು ತಡಗುಣಿಯನ್ನು ಇನ್ನೊಂದರಲ್ಲಿ, ಮೊಳಕೆ ಕಟ್ಟಿದ ಹೆಸರುಕಾಳನ್ನು ಇಡ್ಲಿ ತಟ್ಟೆಯಲ್ಲಿ ಬಟ್ಟೆ ಹಾಸಿ ಹಬೆಯಲ್ಲಿ ಬೇಯಿಸಿದೆ. ಕುಕ್ಕರಿನ ಒತ್ತಡ ತಾನಾಗಿಯೇ ಇಳಿಯುವವರೆಗೆ ಕಾದೆ. ಮೊದಲ ಬಾರಿಗೆ ಐದು ಕಾಳುಗಳೂ ಐದು ಬಣ್ಣದಲ್ಲಿ, ಬಿಡಿ ಬಿಡಿಯಾಗಿ ಬಟ್ಟಲಿನಲ್ಲಿ ಕಂಡವು. ಬೆಚ್ಚಗಿರುವಾಗ ನಿಂಬೆರಸ ಬೆರೆಸುವ ಸಲಹೆ ಮಾಡಿದ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ದೊಡ್ಡದು.

ಅತ್ತೆಯವರ ಪಾಲಿನ ಕಡಲೆಯನ್ನು ಇನ್ನೆರಡು ಕೂಗು ಹೆಚ್ಚು ಬೇಯಿಸಿ, ಚಮಚದ ಹಿಂಭಾಗದಿಂದ ಸ್ವಲ್ಪ ಜಜ್ಜಿ ಕೊಟ್ಟೆ. ವೈದ್ಯರನ್ನು ಕಂಡು ಬಂದಿದ್ದೇವೆ. ಅವರು ರಾತ್ರಿಯ ಮಾತ್ರೆಯನ್ನು ಬದಲಿಸಿ, ಅನ್ನವನ್ನು ಪೂರ್ತಿ ಬಿಡದೆ ಒಂದು ಸಣ್ಣ ಬಟ್ಟಲು ಉಳಿಸಿಕೊಳ್ಳಲು ಹೇಳಿದರು. ಬಸಿದ ನೀರಿನಿಂದ ಬಸ್ಸಾರು ಮಾಡಿದ್ದು ಅತ್ತೆಯವರಿಗೆ ಸಲಾಡಿಗಿಂತ ಹೆಚ್ಚು ಹಿಡಿಸಿತು. ಅವರ ತವರು ಮದ್ದೂರಿನ ಕಡೆ. ಹುಚ್ಚೆಳ್ಳಿನ ಪುಡಿಯ ಮಾತು ಬಂದಾಗ ಅದನ್ನು ಹುರಿಯುವಾಗ ಉರಿ ಎಷ್ಟಿರಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಚಟಪಟ ಸದ್ದು ನಿಲ್ಲುವ ಮುಂಚೆಯೇ ಇಳಿಸಬೇಕಂತೆ, ಇಲ್ಲದಿದ್ದರೆ ಕಹಿಯಾಗುತ್ತದೆ.

ಮಗಳ ಡಬ್ಬಿ ಎರಡು ದಿನ ತಣ್ಣಗೇ ಉಳಿದಿತ್ತು, ಮೂರನೆಯ ದಿನ ಬಾಟಲಿಯನ್ನು ಹಿಂದಿನ ರಾತ್ರಿ ಫ್ರೀಜರಿಗೆ ಇಡಲು ಮರೆತಿದ್ದರಿಂದ ಚಿತ್ರಾನ್ನ ಕಟ್ಟಿದೆ. ಸಂಕ್ರಾಂತಿಗೆ ಇನ್ನೂ ದಿನಗಳಿವೆ. ಅವರೆಕಾಯಿ ಬರುತ್ತಿದ್ದಂತೆ ತೊಗರಿ, ಅವರೆ, ಅಲಸಂದೆಯ ಹಸಿಕಾಳಿನದನ್ನು ಮಾಡಿ ಇಲ್ಲಿಯೇ ಬರೆಯುತ್ತೇನೆ.